ಹಳ್ಳದ ಪ್ಲನೇರಿಯಾ, ಕೆರೆಯ ಹೈಡ್ರಾ: ಪುನರುತ್ಪಾದನೆಯನ್ನು ಕಣ್ಣಾರೆ ಕಂಡು ಅಭ್ಯಸಿಸುವ ಬಗೆ

ಹತ್ತನೆಯ ತರಗತಿಯ ವಿಜ್ಞಾನ ಪಠ್ಯದಲ್ಲಿ ಸಂತಾನೋತ್ಪತ್ತಿಯ ಪಾಠಕ್ಕೆ ಬಂದಾಗ ಪ್ಲನೇರಿಯಾ ಎಂಬ ಚಪ್ಪಟೆ ಹುಳುವಿನ ಚಿತ್ರವೊಂದು ಎದುರಾಗುತ್ತದೆ. ತುಂಡಾದ ಹುಳುವಿನ ಪ್ರತಿಯೊಂದು ಭಾಗವೂ ಪೂರ್ಣ ಹುಳುವಾಗುತ್ತದೆ ಎಂದು ಆ ಚಿತ್ರ ಹೇಳುತ್ತದೆ, ಮಕ್ಕಳು ಅದನ್ನು ಹಾಗೆಯೇ ಬರೆದು ಅಂಕ ಪಡೆಯುತ್ತಾರೆ, ಅಲ್ಲಿಗೆ ಆ ಜೀವಿಯ ಋಣ ಮುಗಿಯುತ್ತದೆ. ನಮ್ಮ ಉತ್ತರ ಕನ್ನಡ ಜಿಲ್ಲೆಯ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯ ಮಕ್ಕಳ ಮಟ್ಟಿಗೆ ಇದು ವಿಚಿತ್ರವೇ ಸರಿ. ಆ ಹುಳುವಿನ ಬಳಗದವು ಅವರು ದಿನವೂ ದಾಟುವ ಹಳ್ಳದ ಕಲ್ಲುಗಳ ಅಡಿಯಲ್ಲಿ ಇರುವ ಸಾಧ್ಯತೆ ಬಹಳವಿದೆ, ಮತ್ತು ಅದನ್ನು ಅಭ್ಯಸಿಸಲು ಬೇಕಾಗುವ ಸಾಮಗ್ರಿ ಒಂದು ಬ್ಲೇಡು, ಒಂದು ಕೈಮಸೂರ, ಮಂಜುಗಡ್ಡೆಯ ತಟ್ಟೆ ಮತ್ತು ಒಳ್ಳೆಯ ನೀರು, ಇಷ್ಟೇ.

ಈ ಮಾರ್ಗದರ್ಶಿ ಪ್ರೌಢಶಾಲೆಯ ಶಿಕ್ಷಕರಿಗೆ, ಪಿಯುಸಿ ಮತ್ತು ಪದವಿಯ ವಿದ್ಯಾರ್ಥಿಗಳಿಗೆ, ಹಾಗೂ ಮನೆಯಲ್ಲೇ ಇಂಥದ್ದನ್ನು ಮಾಡಿನೋಡುವ ಉತ್ಸಾಹವಿರುವವರಿಗೆ ಬರೆದದ್ದು. ಮೊದಲೇ ಒಂದು ಮಾತು ಹೇಳಿಬಿಡಬೇಕು. ಹುಳುವನ್ನು ಕತ್ತರಿಸುವುದು ಐದು ನಿಮಿಷದ ಕೆಲಸ. ಪ್ರಯೋಗ ಗೆಲ್ಲುವುದೂ ಸೋಲುವುದೂ ನೀರಿನಲ್ಲಿ. ಆದ್ದರಿಂದ ಇಲ್ಲಿ ಬ್ಲೇಡಿಗಿಂತ ನೀರಿನ ವಿಚಾರಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಎರಡು ಜೀವಿಗಳು, ಎರಡು ದಾರಿಗಳು

ಪುನರುತ್ಪಾದನೆಯನ್ನು, ಅಂದರೆ ಕಳೆದ ಭಾಗವನ್ನು ಮರಳಿ ಬೆಳೆಸಿಕೊಳ್ಳುವುದನ್ನು, ಪ್ರಯೋಗದ ಮೂಲಕ ಅಭ್ಯಸಿಸುವ ಪರಿಪಾಠ ಶುರುವಾದದ್ದೇ ಸಿಹಿನೀರಿನ ಜೀವಿಯಿಂದ. ಹಾಲೆಂಡಿನ ಹೇಗ್ ನಗರದ ಬಳಿ ಶ್ರೀಮಂತರ ಮನೆಯೊಂದರಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದ ಅಬ್ರಹಾಂ ಟ್ರೆಂಬ್ಲಿ, 1740ರಲ್ಲಿ ಕೊಳದ ನೀರಿನಲ್ಲಿ ಕಂಡ ಹಸಿರು ಹೈಡ್ರಾ (ದಾರದ ತುಂಡಿನಂಥ ಪುಟ್ಟ ಜೀವಿ, ಒಂದು ತುದಿಯಲ್ಲಿ ಬಾಯಿ, ಅದರ ಸುತ್ತ ಬೇಟೆ ಹಿಡಿಯುವ ಎಳೆಗಳಂಥ ಗ್ರಹಣಾಂಗಗಳು) ಗಿಡವೋ ಪ್ರಾಣಿಯೋ ಎಂದು ತೀರ್ಮಾನಿಸಲಾಗದೆ ಅದನ್ನು ಎರಡಾಗಿ ಕತ್ತರಿಸಿದನು. ಗಿಡವಾದರೆ ಎರಡೂ ತುಂಡುಗಳು ಬದುಕಬೇಕು, ಪ್ರಾಣಿಯಾದರೆ ಸಾಯಬೇಕು ಎಂಬುದು ಅವನ ತರ್ಕ. ತುಂಡುಗಳು ಬದುಕಿದವು, ಬೆಳೆದವು, ಆದರೆ ನಡೆದಾಡುತ್ತ ಬೇಟೆಯನ್ನೂ ಹಿಡಿದವು. 1744ರಲ್ಲಿ ಅವನು ಪ್ರಕಟಿಸಿದ ವಿವರಗಳು ಇಂದಿಗೂ ಓದಲು ಯೋಗ್ಯವಾಗಿವೆ. ಪ್ಲನೇರಿಯಾದ ಸರದಿ ಬಂದದ್ದು ಆಮೇಲೆ. ಮುಂದೆ ನೊಣದ ವರ್ಣತಂತುಗಳ ಅಧ್ಯಯನಕ್ಕಾಗಿ ನೊಬೆಲ್ ಪಡೆದ ಥಾಮಸ್ ಹಂಟ್ ಮಾರ್ಗನ್, ಅದಕ್ಕೂ ಮೊದಲು 1898ರ ಸುಮಾರಿಗೆ ಪ್ಲನೇರಿಯಾಗಳನ್ನು ಕತ್ತರಿಸುತ್ತ ಕುಳಿತಿದ್ದನು. ಹುಳುವಿನ ದೇಹದ 279ನೇ ಒಂದು ಪಾಲಿನಷ್ಟು ಚಿಕ್ಕ ತುಣುಕು ಕೂಡ ಮರಳಿ ಹುಳುವಾಗಬಲ್ಲದು ಎಂಬ, ಈಗಲೂ ಎಲ್ಲರೂ ಉಲ್ಲೇಖಿಸುವ ಅಂಕಿ ಅವನದು.

ಎರಡೂ ಜೀವಿಗಳು ಕಳೆದುಕೊಂಡದ್ದನ್ನು ಮರಳಿ ಪಡೆಯುತ್ತವೆಯಾದರೂ ಒಂದೇ ರೀತಿಯಲ್ಲಿ ಪಡೆಯುವುದಿಲ್ಲ. ಪ್ಲನೇರಿಯಾದ ದೇಹದ ತುಂಬ ನಿಯೋಬ್ಲಾಸ್ಟ್ ಎಂಬ ಆಕರಕೋಶಗಳು, ಅಂದರೆ ಬೇರೆ ಬಗೆಯ ಕೋಶಗಳಾಗಿ ಮಾರ್ಪಡಬಲ್ಲ ಸ್ಟೆಮ್ ಸೆಲ್‌ಗಳು, ಹರಡಿಕೊಂಡಿವೆ. ಒಟ್ಟು ಕೋಶಗಳಲ್ಲಿ ಇವುಗಳ ಪಾಲು ಸುಮಾರು ಶೇಕಡ 20ರಿಂದ 30. ಬೆಳೆದ ಹುಳುವಿನಲ್ಲಿ ವಿಭಜನೆಯಾಗುವ ದೇಹಕೋಶಗಳೆಂದರೆ ಇವು ಮಾತ್ರ. ಗಾಯವಾದ ಕಡೆ ಇವು ವಿಭಜನೆಗೊಂಡು ಬಣ್ಣವಿಲ್ಲದ ಮೊಳಕೆಯಂಥ ಅಂಗಾಂಶವನ್ನು ಕಟ್ಟುತ್ತವೆ. ಇದಕ್ಕೆ ಬ್ಲಾಸ್ಟೀಮಾ ಎಂದು ಹೆಸರು. ಎಲ್ಲ ನಿಯೋಬ್ಲಾಸ್ಟ್‌ಗಳನ್ನೂ ವಿಕಿರಣದಿಂದ ನಾಶಪಡಿಸಿದ ಹುಳುವಿಗೆ ಬೇರೆ ಹುಳುವಿನ ಒಂದೇ ಒಂದು ಇಂಥ ಕೋಶವನ್ನು ಸೇರಿಸಿದರೂ ಹುಳು ಬದುಕಿ ಉಳಿಯಬಲ್ಲದು ಎಂಬುದನ್ನು 2011ರಲ್ಲಿ ತೋರಿಸಲಾಯಿತು. ಹೈಡ್ರಾದ ಕಥೆ ಬೇರೆ. ಅದು ಮುಖ್ಯವಾಗಿ ಇರುವ ಅಂಗಾಂಶವನ್ನೇ ಮರುಜೋಡಿಸಿಕೊಂಡು ಸಣ್ಣದಾದರೂ ಸಮರ್ಪಕವಾದ ಹೈಡ್ರಾ ಆಗುತ್ತದೆ, ಆಮೇಲೆ ತಿಂದು ದೊಡ್ಡದಾಗುತ್ತದೆ. ಈ ವ್ಯತ್ಯಾಸವನ್ನು ಪುಸ್ತಕದಿಂದ ಬಾಯಿಪಾಠ ಮಾಡುವುದಕ್ಕಿಂತ ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡುವುದು ಲೇಸು.

ನಮ್ಮ ಹತ್ತಿರದಲ್ಲೇ ಇದರ ಗಂಭೀರ ಸಂಶೋಧನೆಯೂ ನಡೆದಿದೆ: ಪ್ಲನೇರಿಯಾದ ಮೇಲೆ ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯಲ್ಲಿ, ಹೈಡ್ರಾದ ಮೇಲೆ ಪುಣೆಯ ಆಗರ್ಕರ್ ಸಂಶೋಧನಾ ಸಂಸ್ಥೆಯಲ್ಲಿ. ಪದವಿಯ ನಂತರ ಮುಂದುವರಿಯಬೇಕೆನ್ನುವವರು ಈ ಎರಡು ಹೆಸರುಗಳನ್ನು ಗುರುತು ಹಾಕಿಕೊಳ್ಳಬಹುದು.

ಎಲ್ಲಿ, ಯಾವಾಗ ಹುಡುಕಬೇಕು

ಘಟ್ಟದ ಮೇಲಿನವರಿಗೆ ನವೆಂಬರಿನಿಂದ ಫೆಬ್ರವರಿಯವರೆಗಿನ ಕಾಲ ಹೇಳಿಮಾಡಿಸಿದಂತಿದೆ. ಮಳೆಗಾಲದ ಕೆಂಪು ನೀರು ತಿಳಿಯಾಗಿರುತ್ತದೆ, ಹಳ್ಳ ಇನ್ನೂ ಬತ್ತಿರುವುದಿಲ್ಲ, ನೀರು ತಣ್ಣಗಿರುತ್ತದೆ. ಪ್ಲನೇರಿಯಾಕ್ಕಾಗಿ ನೆರಳಿರುವ ಹಳ್ಳದಲ್ಲಿ, ಅಬ್ಬಿಯ ಬಾಯಲ್ಲಿ, ಒರತೆಯ ಅಂಚಿನಲ್ಲಿ ಅಂಗೈಯಗಲದ ಕಲ್ಲುಗಳನ್ನು ಎತ್ತಿ ಅಡಿಭಾಗವನ್ನು ನೋಡಬೇಕು. ಕಲ್ಲನ್ನು ನೀರಿನಿಂದ ಎತ್ತಿದ ಕೂಡಲೇ ಹುಳು ಮುದುಡಿಕೊಂಡು ಕಂದುಬಣ್ಣದ ಲೋಳೆಯ ಚುಕ್ಕೆಯಂತೆ ಕಾಣುತ್ತದೆ. ಹಾಗೆಂದು ಕಲ್ಲನ್ನು ಕೆಳಗಿಡದೆ, ನೀರಿರುವ ಬಿಳಿ ತಟ್ಟೆಯಲ್ಲಿ ಅದನ್ನು ಮುಳುಗಿಸಿ ಅರ್ಧ ನಿಮಿಷ ಕಾದರೆ ಚುಕ್ಕೆ ಉದ್ದವಾಗಿ ಜಾರತೊಡಗುತ್ತದೆ. ನೋಡಿ ಮುಗಿದ ಕಲ್ಲನ್ನು ಇದ್ದ ಜಾಗದಲ್ಲಿ, ಇದ್ದ ಮಗ್ಗುಲಿಗೇ ಇಡಬೇಕು.

ಕಲ್ಲು ಮಗುಚುವುದು ಬೇಡವೆನ್ನುವವರು ಬಲೆ ಹೂಡಬಹುದು. ಸಣ್ಣ ಪ್ಲಾಸ್ಟಿಕ್ ಬಾಟಲಿಗೆ ಸುತ್ತಲೂ ನಾಲ್ಕೈದು ಮಿಲಿಮೀಟರಿನ ತೂತು ಕೊರೆದು, ಒಳಗೆ ಕೋಳಿಯ ಪಿತ್ತಜನಕಾಂಗದ ಚೂರನ್ನು ತೆಳು ಬಟ್ಟೆಯಲ್ಲಿ ಕಟ್ಟಿಟ್ಟು, ಒಂದು ಕಲ್ಲನ್ನು ಭಾರಕ್ಕೆ ಹಾಕಿ, ಸಂಜೆ ಹರಿವು ಕಡಿಮೆಯಿರುವ ಕಡೆ ಇಳಿಬಿಟ್ಟು ಬೆಳಗ್ಗೆ ಬೇಗ ಎತ್ತಬೇಕು. ತಡವಾದರೆ ಹೊಟ್ಟೆ ತುಂಬಿದ ಹುಳುಗಳು ಹೊರಟುಹೋಗುತ್ತವೆ, ಏಡಿಗಳು ಬಂದಿರುತ್ತವೆ.

ಹೈಡ್ರಾ ಇರುವುದು ನಿಂತ ಅಥವಾ ನಿಧಾನಕ್ಕೆ ಹರಿಯುವ ನೀರಿನಲ್ಲಿ: ಕೆರೆಯ ಅಂಚಿನ ಜಲಸಸ್ಯಗಳ ಮೇಲೆ, ತಾವರೆ ಎಲೆಯ ಅಡಿಯಲ್ಲಿ, ನೀರಿಗೆ ಬಿದ್ದ ಕಡ್ಡಿಗಳ ಮೇಲೆ. ಅಲ್ಲಿಯೇ ಬಗ್ಗಿ ಹುಡುಕಿದರೆ ಸಿಗುವುದಿಲ್ಲ. ಒಂದಿಷ್ಟು ಜಲಸಸ್ಯವನ್ನು ಅದೇ ಕೆರೆಯ ನೀರಿನೊಂದಿಗೆ ಅಗಲ ಬಾಯಿಯ ಗಾಜಿನ ಭರಣಿಗೆ ಹಾಕಿ, ಬಿಸಿಲು ನೇರವಾಗಿ ಬೀಳದ ಕಿಟಕಿಯ ಬಳಿ ಒಂದೆರಡು ದಿನ ಅಲುಗಿಸದೆ ಇಟ್ಟರೆ ಹೈಡ್ರಾಗಳು ಬೆಳಕಿನ ಕಡೆಯ ಗಾಜಿಗೆ ಬಂದು ಅಂಟಿಕೊಳ್ಳುತ್ತವೆ. ಬನವಾಸಿಯ ಕಡೆ ಕೆರೆಗಳಿಗೆ ಬರವಿಲ್ಲ. ಶಿರಸಿ ಪೇಟೆಯ ಒಳಗಿನ ಕೆರೆಗಳಿಗಿಂತ ಹಳ್ಳಿಯ ಕೆರೆಗಳು ಸಾಬೂನು ನೀರಿನ ಕಾಟವಿಲ್ಲದ ಕಾರಣ ಹೆಚ್ಚು ಭರವಸೆಯವು.

ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರದವರು ಒಂದನ್ನು ಗಮನಿಸಬೇಕು. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ನದಿಗಳ ಕೆಳಪಾತ್ರಕ್ಕೆ ಉಬ್ಬರದ ಉಪ್ಪುನೀರು ನುಗ್ಗುತ್ತದೆ. ಆ ಉಪ್ಪುನೀರಿನ ಗಜನಿ ಗದ್ದೆಗಳ ಕಾಲುವೆಯಲ್ಲಿ ಈ ಜೀವಿಗಳನ್ನು ಹುಡುಕುವುದು ವ್ಯರ್ಥ. ಘಟ್ಟದ ಬುಡದ ಕಡೆಗೆ, ಉಪ್ಪು ತಲುಪದ ಹಳ್ಳಗಳಿಗೆ ಹೋಗಬೇಕು. ಕಾಳಿ ಹುಲಿ ಸಂರಕ್ಷಿತ ಪ್ರದೇಶದಂಥ ಕಾಡುಗಳ ಒಳಗೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಯಾವ ಜೀವಿಯನ್ನೂ ತೆಗೆಯಬಾರದು. ಊರ ಹಳ್ಳವಿರುವಾಗ ಅಲ್ಲಿಗೆ ಹೋಗುವ ಅಗತ್ಯವೂ ಇಲ್ಲ.

ಸಿಕ್ಕಿದ್ದು ಅದೇ ಹೌದೇ?

ಮಲೆನಾಡಿನಲ್ಲಿ ಇದನ್ನು ಕೇಳಿಕೊಳ್ಳಲೇಬೇಕು, ಏಕೆಂದರೆ ಇಲ್ಲಿ ತೇವವಿರುವ ಕಡೆಯಲ್ಲೆಲ್ಲ ಉಂಬಳವಿದೆ. ಮರಿ ಉಂಬಳಕ್ಕೂ ಅದರ ನೀರಿನ ಬಂಧುಗಳಾದ ಜಿಗಣೆಗಳಿಗೂ ಎರಡೂ ತುದಿಯಲ್ಲಿ ಹೀರುಬಟ್ಟಲು ಇರುತ್ತದೆ. ಅವು ಗೇಣು ಹಾಕಿದಂತೆ ಡೊಂಕಾಗಿ ನಡೆಯುತ್ತವೆ, ಮೈಮೇಲೆ ಸಾಲು ಉಂಗುರಗಳು ಕಾಣುತ್ತವೆ. ಪ್ಲನೇರಿಯಾದ ಮೈ ನುಣುಪು. ಅಡಿಭಾಗದ ಸೂಕ್ಷ್ಮ ರೋಮಗಳ ಬಲದಿಂದ ಅದು ಗಾಜಿನ ಮೇಲೆ ಒಂದೇ ಸಮನೆ ಜಾರಿಕೊಂಡು ಹೋಗುತ್ತದೆ. ತಲೆ ಸಾಮಾನ್ಯವಾಗಿ ತ್ರಿಕೋನಾಕಾರದಲ್ಲಿದ್ದು, ಮೇಲೆ ಎರಡು ಕಣ್ಣುಚುಕ್ಕೆಗಳಿರುತ್ತವೆ. ಪ್ರತಿ ಕಪ್ಪು ಚುಕ್ಕೆಯ ಪಕ್ಕದಲ್ಲಿ ಒಂದಿಷ್ಟು ಬಿಳಿಯ ಜಾಗವಿರುವುದರಿಂದ ಕೈಮಸೂರದಲ್ಲಿ ಅದು ಮೆಳ್ಳಗಣ್ಣಿನಂತೆ ಕಾಣುತ್ತದೆ. ಜಿಗಣೆಯನ್ನು ತಪ್ಪಿ ಕತ್ತರಿಸಿದರೆ ಅದು ಸುಮ್ಮನೆ ಸಾಯುತ್ತದೆ. ಕಳೆದ ಭಾಗವನ್ನು ಮರಳಿ ಬೆಳೆಸುವ ಶಕ್ತಿ ಜಿಗಣೆಗಳಿಗೆ ಇಲ್ಲ.

ಮಳೆಗಾಲದಲ್ಲಿ ಅಂಗಳದ ಹಸಿಮಣ್ಣಿನಲ್ಲಿ, ಹೂಕುಂಡದ ಅಡಿಯಲ್ಲಿ ಕಾಣುವ, ಬೀಸಣಿಗೆಯಾಕಾರದ ತಲೆಯ ಉದ್ದನೆಯ ಪಟ್ಟೆ ಹುಳು ಬೈಪಾಲಿಯಂ. ಅದೂ ಪ್ಲನೇರಿಯಾದ ಬಳಗವೇ, ಅದರ ತುಂಡುಗಳೂ ಬೆಳೆಯುತ್ತವೆ. ಆದರೆ ಅದು ನೆಲದ ಹುಳು, ನೀರಿನಲ್ಲಿ ಬದುಕುವುದಿಲ್ಲ. ಜೊತೆಗೆ ಕೆಲವು ಬೈಪಾಲಿಯಂ ಪ್ರಭೇದಗಳಲ್ಲಿ ಟೆಟ್ರೊಡೊಟಾಕ್ಸಿನ್ ಎಂಬ ವಿಷ ಪತ್ತೆಯಾಗಿದೆ. ಮಕ್ಕಳ ಕೈಗೆ ಅದನ್ನು ಕೊಡದಿರುವುದೇ ಒಳ್ಳೆಯದು.

ನೀರು

ಈ ಜೀವಿಗಳ ಮೈಗೂ ನೀರಿಗೂ ನಡುವೆ ಹೇಳಿಕೊಳ್ಳುವಂಥ ತಡೆಯಿಲ್ಲ. ನಮಗೆ ಏನೂ ಮಾಡದ ಅಲ್ಪಪ್ರಮಾಣದ ವಸ್ತು ಅವಕ್ಕೆ ಮಾರಕವಾಗುತ್ತದೆ, ಅದರಲ್ಲಿಯೂ ತಾಮ್ರ. ಹೈಡ್ರಾ ತಾಮ್ರಕ್ಕೆ ಎಷ್ಟು ಸೂಕ್ಷ್ಮವೆಂದರೆ ನೀರಿನ ವಿಷತ್ವವನ್ನು ಅಳೆಯಲು ಅದನ್ನೇ ಬಳಸುವ ಪರೀಕ್ಷೆಗಳಿವೆ. ಈಗ ನಮ್ಮ ಅಡಿಕೆ ಸೀಮೆಯನ್ನು ನೆನೆಸಿಕೊಳ್ಳಿ. ಕೊಳೆರೋಗಕ್ಕೆಂದು ಮಳೆಗಾಲದ ಆರಂಭದಲ್ಲಿ ಒಮ್ಮೆ, ಸುಮಾರು 40–45 ದಿನ ಬಿಟ್ಟು ಇನ್ನೊಮ್ಮೆ, ಮಳೆ ಜಗ್ಗದಿದ್ದರೆ ಮೂರನೆಯ ಸಲವೂ ಅಡಿಕೆಯ ಗೊನೆಗಳಿಗೆ ಬೋರ್ಡೋ ದ್ರಾವಣ ಸಿಂಪಡಿಸುತ್ತಾರೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂಬುದು ಎಲ್ಲರಿಗೂ ಗೊತ್ತಿರುವ ಲೆಕ್ಕ. ಮೈಲುತುತ್ತವೆಂದರೆ ತಾಮ್ರದ ಸಲ್ಫೇಟು. ಔಷಧಿ ಹೊಡೆದ ತೋಟದಿಂದ ಇಳಿದು ಬರುವ ಕಾಲುವೆಯ ನೀರನ್ನು ಜೂನಿನಿಂದ ಸೆಪ್ಟೆಂಬರಿನವರೆಗೆ ಈ ಕೆಲಸಕ್ಕೆ ಮುಟ್ಟಬಾರದು. ಜೀವಿಗಳನ್ನೂ ನೀರನ್ನೂ ಯಾವಾಗಲೂ ತೋಟಕ್ಕಿಂತ ಮೇಲೆ, ಬೆಟ್ಟದ ಕಡೆಯ ಒರತೆಯಿಂದ ತರುವುದನ್ನು ರೂಢಿ ಮಾಡಿಕೊಳ್ಳಬೇಕು.

ತಾಮ್ರ ಮನೆಯೊಳಗೂ ಇದೆ. ಹಂಡೆ, ಕೊಡ, ಹಿತ್ತಾಳೆಯ ನಲ್ಲಿ, ದೇವರ ಕೋಣೆಯ ತಂಬಿಗೆ ಇವುಗಳಲ್ಲಿ ನಿಂತ ನೀರನ್ನು ಬಳಸಬಾರದು. ಹಿತ್ತಾಳೆ ನಲ್ಲಿಯಿಂದಲೇ ಹಿಡಿಯಬೇಕಾದರೆ ರಾತ್ರಿಯೆಲ್ಲ ಕೊಳವೆಯಲ್ಲಿ ನಿಂತದ್ದನ್ನು ಮೊದಲು ಹರಿಯಬಿಡಬೇಕು. ಗಾಜು, ಪ್ಲಾಸ್ಟಿಕ್, ಪಿಂಗಾಣಿಯ ಪಾತ್ರೆಗಳೇ ಈ ಕೆಲಸಕ್ಕೆ ತಕ್ಕವು, ಮತ್ತು ಅವುಗಳನ್ನು ಸಾಬೂನು ಹಾಕದೆ ಬಿಸಿನೀರಿನಲ್ಲಿ ಮಾತ್ರ ತೊಳೆಯಬೇಕು.

ಬಾವಿಯ ನೀರು ಸಾಮಾನ್ಯವಾಗಿ ಒಳ್ಳೆಯದೇ. ಆದರೆ ಮಳೆಗಾಲದಲ್ಲಿ ಬಾವಿಗೆ ಬ್ಲೀಚಿಂಗ್ ಪುಡಿ ಹಾಕುವ ರೂಢಿಯಿದೆ. ಹಾಕಿದ್ದರೆ, ಅಥವಾ ಪೇಟೆಯ ನಲ್ಲಿ ನೀರೇ ಗತಿಯಾದರೆ, ಅಗಲ ಬಾಯಿಯ ಪಾತ್ರೆಯಲ್ಲಿ ಒಂದೆರಡು ದಿನ ತೆರೆದಿಟ್ಟು ಕ್ಲೋರಿನ್ ಹೋಗಲು ಬಿಡಬೇಕು. ಅಲಂಕಾರಿಕ ಮೀನಿನ ಅಂಗಡಿಯಲ್ಲಿ ಸಿಗುವ ಸೋಡಿಯಂ ಥಯೋಸಲ್ಫೇಟಿನ ಹರಳನ್ನೂ ಬಳಸಬಹುದು. ಆರ್‌ಓ ಯಂತ್ರದ ನೀರು ಶುದ್ಧವೆಂದು ತಿಳಿದು ಅದನ್ನು ಬಳಸುವವರಿದ್ದಾರೆ. ಅದು ಸರಿಯಲ್ಲ. ಲವಣಗಳನ್ನೆಲ್ಲ ಕಳೆದುಕೊಂಡ ಆ ನೀರಿನಲ್ಲಿ ಹೈಡ್ರಾ ಸೊರಗುತ್ತದೆ, ಏಕೆಂದರೆ ಅದಕ್ಕೆ ಕ್ಯಾಲ್ಸಿಯಂ ಬೇಕೇ ಬೇಕು. ಚಿರೆಕಲ್ಲಿನ ನೆಲದ ನಮ್ಮ ಒರತೆಯ ನೀರಿನಲ್ಲಿಯೂ ಕ್ಯಾಲ್ಸಿಯಂ ಕಡಿಮೆಯಿರುವುದುಂಟು. ಕಾಲೇಜಿನ ಪ್ರಯೋಗಾಲಯವಿದ್ದವರು ಒಂದು ಲೀಟರ್ ಭಟ್ಟಿ ಇಳಿಸಿದ ನೀರಿಗೆ 147 ಮಿಲಿಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್ ಡೈಹೈಡ್ರೇಟ್ ಮತ್ತು 84 ಮಿಲಿಗ್ರಾಂ ಅಡಿಗೆ ಸೋಡಾ ಕರಗಿಸಿಕೊಳ್ಳಬಹುದು. ಎರಡೂ ಲೀಟರಿಗೆ ಒಂದೊಂದು ಮಿಲಿಮೋಲ್ ಆಗುತ್ತವೆ. ಹೀಗೆ ಮಾಡಿದರೆ ಪ್ರತಿ ಸಲವೂ ನೀರು ಒಂದೇ ಆಗಿರುತ್ತದೆ, ಫಲಿತಾಂಶಗಳನ್ನು ಹೋಲಿಸಲು ಬರುತ್ತದೆ.

ಉಷ್ಣತೆ 18ರಿಂದ 22 ಡಿಗ್ರಿ ಸೆಲ್ಸಿಯಸ್ ಇದ್ದರೆ ಉತ್ತಮ. ಶಿರಸಿಯ ಚಳಿಗಾಲದಲ್ಲಿ ಮಣ್ಣಿನ ಗೋಡೆಯ ಒಳಕೋಣೆ ಇದ್ದರೆ ಇದಕ್ಕೆ ಬೇರೆ ಏರ್ಪಾಡು ಬೇಡ. ಕರಾವಳಿಯಲ್ಲಿ ಹಾಗಲ್ಲ. ಅಗಲವಾದ ಮಣ್ಣಿನ ಪಾತ್ರೆಯಲ್ಲಿ ಮರಳು ತುಂಬಿ, ಮರಳನ್ನು ಸದಾ ಒದ್ದೆಯಾಗಿಟ್ಟು, ಅದರಲ್ಲಿ ಗಾಜಿನ ಭರಣಿಯನ್ನು ಕುತ್ತಿಗೆಯವರೆಗೆ ಹೂತಿಟ್ಟರೆ ನೀರು ಹೊರಗಿನ ಗಾಳಿಗಿಂತ ತಣ್ಣಗಿರುತ್ತದೆ. ಆದರೆ ಹವೆಯಲ್ಲಿ ತೇವ ಹೆಚ್ಚಿರುವ ಕಾರವಾರದಲ್ಲಿ ಈ ಉಪಾಯಕ್ಕೂ ಮಿತಿಯಿದೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಅಲ್ಲಿ ಹೊಸ ಪ್ರಯೋಗ ಹೂಡದಿರುವುದು ಜಾಣತನ.

ಪ್ಲನೇರಿಯಾಕ್ಕೆ ಬೆಳಕು ಆಗದು. ಅದರ ಪಾತ್ರೆಯನ್ನು ಕಪ್ಪು ಬಟ್ಟೆಯಿಂದ ಮುಚ್ಚಿಡಬೇಕು. ಹೈಡ್ರಾಕ್ಕೆ ಮಂದ ಬೆಳಕು ಸಾಕು.

ಆಹಾರ

ಪ್ಲನೇರಿಯಾಕ್ಕೆ ವಾರಕ್ಕೊಮ್ಮೆ ಕೋಳಿಯ ಪಿತ್ತಜನಕಾಂಗದ ಸಾಸಿವೆಕಾಳಿನಷ್ಟು ಚೂರು ಅಥವಾ ಬೇಯಿಸಿದ ಮೊಟ್ಟೆಯ ಹಳದಿಯ ಪುಡಿ ಸಾಕು. ಇವೆರಡೂ ಒಳಗೆ ಬಾರದ ಮನೆಗಳು ನಮ್ಮ ಕಡೆ ಬಹಳವಿರುವುದರಿಂದ ಹೇಳುತ್ತೇನೆ: ತೆರೆದ ತೊಟ್ಟಿಯಲ್ಲಿ ಆಡುವ ಸೊಳ್ಳೆಯ ಮರಿಗಳನ್ನು ಬಲೆಯಲ್ಲಿ ಹಿಡಿದು, ಚಮಚದ ತುದಿಯಲ್ಲಿ ಜಜ್ಜಿ ಹಾಕಿದರೂ ಅವು ಅಷ್ಟೇ ಆಸೆಯಿಂದ ತಿನ್ನುತ್ತವೆ. ತಿನ್ನುವುದನ್ನು ಕೈಮಸೂರದಲ್ಲಿ ತಪ್ಪದೆ ನೋಡಬೇಕು. ಬಾಯಿ ತಲೆಯಲ್ಲಿಲ್ಲ, ಹೊಟ್ಟೆಯ ನಡುವೆ ಇದೆ. ಹುಳು ಆಹಾರದ ಮೇಲೆ ಏರಿ ನಿಂತು, ಮೈಯಡಿಯಿಂದ ಬಿಳಿಯ ಕೊಳವೆಯೊಂದನ್ನು ಹೊರಚಾಚಿ ಹೀರತೊಡಗುತ್ತದೆ. ಅದರ ಗಂಟಲೇ ಆ ಕೊಳವೆ. ಎರಡು ಮೂರು ಗಂಟೆಯೊಳಗೆ ಉಳಿದ ಆಹಾರವನ್ನು ತೆಗೆದು ನೀರು ಬದಲಿಸದಿದ್ದರೆ ನೀರು ಹಳಸಿ, ಮರುದಿನಕ್ಕೆ ಹುಳುಗಳೆಲ್ಲ ಸತ್ತಿರುತ್ತವೆ. ಉಪವಾಸದ ಚಿಂತೆ ಬೇಡ. ತಿಂಗಳುಗಟ್ಟಲೆ ಏನೂ ಸಿಗದಿದ್ದರೆ ಪ್ಲನೇರಿಯಾ ಸಾಯುವ ಬದಲು ಕುಗ್ಗುತ್ತ ಹೋಗುತ್ತದೆ, ಸಿಕ್ಕಿದಾಗ ಮತ್ತೆ ಬೆಳೆಯುತ್ತದೆ.

ಹೈಡ್ರಾಕ್ಕೆ ಜೀವಂತ, ಅಲುಗುವ ಆಹಾರವೇ ಬೇಕು. ಕೆರೆಯ ನೀರುಚಿಗಟಗಳು, ಅಂದರೆ ಡ್ಯಾಫ್ನಿಯಾಗಳು ಆಗುತ್ತವೆ. ಮೀನಿನ ಅಂಗಡಿಯಲ್ಲಿ ಸಿಗುವ, ಉಪ್ಪುನೀರಿನ ಪುಟ್ಟ ಸಿಗಡಿಯಂಥ ಜೀವಿಯಾದ ಆರ್ಟೀಮಿಯಾದ ಮೊಟ್ಟೆಗಳನ್ನು ಲೀಟರಿಗೆ 30 ಗ್ರಾಂ ಉಪ್ಪು ಹಾಕಿದ ನೀರಿನಲ್ಲಿ ಒಂದೆರಡು ದಿನ ಇಟ್ಟರೆ ಬರುವ ಮರಿಗಳು ಇನ್ನೂ ಅನುಕೂಲ. ಉಪ್ಪು ಹೋಗುವಂತೆ ಅವನ್ನು ತೆಳು ಬಟ್ಟೆಯಲ್ಲಿ ಚೆನ್ನಾಗಿ ತೊಳೆದೇ ಹಾಕಬೇಕು. ಹೊಟ್ಟೆ ತುಂಬ ಉಂಡ ಹೈಡ್ರಾ ಪಕ್ಕದಲ್ಲಿ ಮೊಗ್ಗು ಬಿಟ್ಟು ಮರಿಮಾಡುವುದರಿಂದ ಕೆಲವೇ ವಾರಗಳಲ್ಲಿ ಪ್ರಯೋಗಕ್ಕೆ ಬೇಕಾದಷ್ಟು ಸಂಖ್ಯೆ ಸಿಗುತ್ತದೆ.

ಪ್ಲನೇರಿಯಾವನ್ನು ಕತ್ತರಿಸುವ ಕ್ರಮ

ಕತ್ತರಿಸುವ ಮೊದಲು ಒಂದು ವಾರ ಆಹಾರ ನಿಲ್ಲಿಸಬೇಕು. ಕರುಳಿನಲ್ಲಿ ಆಹಾರವಿದ್ದ ಹುಳುವನ್ನು ಕತ್ತರಿಸಿದರೆ ಅದು ಹೊರಚೆಲ್ಲಿ ಬ್ಯಾಕ್ಟೀರಿಯಾಗಳಿಗೆ ಹಬ್ಬವಾಗುತ್ತದೆ, ತುಂಡು ಕರಗಿಹೋಗುತ್ತದೆ. ಸುಮಾರು ಒಂದು ಸೆಂಟಿಮೀಟರ್ ಉದ್ದದ, ಗಾಯವಿಲ್ಲದ, ಒಂದೇ ಅಳತೆಯ ಹುಳುಗಳನ್ನು ಆರಿಸಿಕೊಳ್ಳಬೇಕು.

ಡಬ್ಬಿಯೊಂದರಲ್ಲಿ ನೀರು ತುಂಬಿ ಹೆಪ್ಪುಗಟ್ಟಿಸಿ, ಅದರ ಮುಚ್ಚಳದ ಮೇಲೆ ಒದ್ದೆ ಮಾಡಿದ ಬಿಳಿ ಸೋಸುಕಾಗದವನ್ನು ಹಾಸಬೇಕು. ಹುಳುವನ್ನು ಚಿಮಟದಿಂದ ಹಿಡಿಯದೆ, ಮೆದುವಾದ ಚಿತ್ರದ ಕುಂಚದಿಂದ ಎತ್ತಿ ಕಾಗದದ ಮೇಲೆ ಬಿಟ್ಟರೆ ತಂಪಿಗೆ ಅದರ ಓಡಾಟ ನಿಧಾನವಾಗುತ್ತದೆ. ಮೈ ಪೂರ್ತಿ ಚಾಚಿದ ಗಳಿಗೆಯನ್ನು ಕಾದು, ಹೊಸ ಬ್ಲೇಡನ್ನು ಮೇಲಿನಿಂದ ನೇರವಾಗಿ ಒತ್ತಬೇಕು. ಗರಗಸದಂತೆ ಎಳೆದಾಡಬಾರದು. ಹೊಸ ಬ್ಲೇಡಿನ ಮೇಲೆ ಎಣ್ಣೆಯ ಪಸೆ ಇರುವುದರಿಂದ ಮೊದಲು ಅದನ್ನು ಸ್ಪಿರಿಟ್ಟಿನಿಂದ ಒರೆಸಿ, ನೀರಿನಲ್ಲಿ ತೊಳೆದುಕೊಂಡಿರಬೇಕು. ಮಕ್ಕಳಿದ್ದರೆ ಬ್ಲೇಡು ಶಿಕ್ಷಕರ ಕೈಯಲ್ಲೇ ಇರಲಿ.

ಮೊದಲ ಸಲಕ್ಕೆ ಎರಡು ಅಡ್ಡಗೀರು ಸಾಕು: ಕಣ್ಣುಗಳ ಹಿಂದೆ ಒಂದು, ಗಂಟಲಿನ ಹಿಂದೆ ಒಂದು. ತಲೆ, ನಡು, ಬಾಲವೆಂದು ಮೂರು ತುಂಡುಗಳಾಗುತ್ತವೆ. ಮಂಜುಗಡ್ಡೆ ಮಾಡುವ ಬಿಳಿ ಪ್ಲಾಸ್ಟಿಕ್ ತಟ್ಟೆಯ ಒಂದೊಂದು ಕುಳಿಗೆ ಒಂದೊಂದೇ ತುಂಡು ಹಾಕಿ, ಕುಳಿಗಳಿಗೆ ಸಂಖ್ಯೆ ಬರೆದು, ತಟ್ಟೆಯನ್ನು ಮುಚ್ಚಿ ಕತ್ತಲಲ್ಲಿಡಬೇಕು. ಅಷ್ಟೇ ಸಂಖ್ಯೆಯ ಇಡೀ ಹುಳುಗಳನ್ನೂ ಹಾಗೆಯೇ ಬೇರೆ ಬೇರೆ ಕುಳಿಗಳಲ್ಲಿ ಇಡುವುದನ್ನು ಮರೆಯಬಾರದು. ಪ್ಲನೇರಿಯಾಗಳು ತಾವಾಗಿಯೇ ಬಾಲವನ್ನು ಹರಿದುಕೊಂಡು ಎರಡಾಗುವುದುಂಟು. ಹೋಲಿಕೆಗೆ ಇಡೀ ಹುಳುಗಳಿಲ್ಲದಿದ್ದರೆ ಆದದ್ದು ನಿಮ್ಮ ಬ್ಲೇಡಿನಿಂದಲೋ ಅದರ ಸ್ವಭಾವದಿಂದಲೋ ತಿಳಿಯುವುದಿಲ್ಲ.

ದಿನದಿನಕ್ಕೆ ಏನು ಕಾಣುತ್ತದೆ

ಮೊದಲ ಗಂಟೆಯೊಳಗೆ ಸ್ನಾಯುಗಳು ಬಿಗಿದು ಗಾಯದ ಬಾಯಿ ಕಿರಿದಾಗುತ್ತದೆ. ಎರಡನೆಯ ಮೂರನೆಯ ದಿನ ಕತ್ತರಿಸಿದ ಅಂಚಿನಲ್ಲಿ ಬಿಳಿಯ ತೆಳು ಅಂಚುಪಟ್ಟಿಯೊಂದು ಕಾಣುತ್ತದೆ. ಹಳೆಯ ಕಂದು ಮೈಗೂ ಹೊಸ ಬಿಳಿ ಭಾಗಕ್ಕೂ ನಡುವಿನ ಗೆರೆ ಸ್ಪಷ್ಟವಾಗಿರುತ್ತದೆ. ಬ್ಲಾಸ್ಟೀಮಾ ಎಂದು ಮೇಲೆ ಹೇಳಿದ್ದು ಇದನ್ನೇ. ಐದರಿಂದ ಏಳನೆಯ ದಿನದೊಳಗೆ, ತಲೆ ಕಳೆದುಕೊಂಡಿದ್ದ ತುಂಡುಗಳ ಆ ಬಿಳಿಯ ಭಾಗದಲ್ಲಿ ಸೂಜಿಮೊನೆಯಂಥ ಎರಡು ಕಪ್ಪು ಚುಕ್ಕೆಗಳು ಮೂಡುತ್ತವೆ, ಅವೇ ಹೊಸ ಕಣ್ಣುಗಳು. ಚಳಿ ಹೆಚ್ಚಿದ್ದರೆ ಇನ್ನೂ ತಡವಾಗುತ್ತದೆ. ಸುಮಾರು ಎರಡು ವಾರದ ಹೊತ್ತಿಗೆ ಹೊಸ ಭಾಗಕ್ಕೆ ಬಣ್ಣ ಬಂದು ಹುಳುವಿನ ಅಂಗಸೌಷ್ಠವ ಸರಿಹೋಗಿರುತ್ತದೆ. ಬಾಲದ ತುಂಡು ತನ್ನ ಹಳೆಯ ಮೈಯೊಳಗೇ ಹೊಸ ಗಂಟಲನ್ನು ಕಟ್ಟಿಕೊಳ್ಳುವುದನ್ನು ಹಿಂದಿನಿಂದ ಬೆಳಕು ಹಾಯಿಸಿ ನೋಡಿದರೆ ಗುರುತಿಸಬಹುದು. ಅಲ್ಲಿಯವರೆಗೆ ಯಾವ ತುಂಡಿಗೂ ಆಹಾರ ಕೊಡಬಾರದು. ಎರಡು ದಿನಕ್ಕೊಮ್ಮೆ ನೀರು ಬದಲಿಸಿದರೆ ಸಾಕು, ಹೊಸ ನೀರು ಹಳೆಯ ನೀರಿನಷ್ಟೇ ತಣ್ಣಗಿರಬೇಕು.

ದಾಖಲೆಯ ಬಗ್ಗೆ ಸ್ವಲ್ಪ ಕಟ್ಟುನಿಟ್ಟಾಗಿಯೇ ಹೇಳುತ್ತೇನೆ. "ಚೆನ್ನಾಗಿ ಬೆಳೆದಿದೆ" ಎಂಬ ಮಾತಿಗೆ ಪ್ರಯೋಗದ ಪುಸ್ತಕದಲ್ಲಿ ಜಾಗವಿಲ್ಲ. ಕುಳಿಯ ಅಡಿಗೆ ಮಿಲಿಮೀಟರ್ ಗ್ರಾಫ್ ಹಾಳೆ ಇಟ್ಟು, ಪ್ರತಿದಿನ ಒಂದೇ ಹೊತ್ತಿಗೆ, ಒಂದೇ ಎತ್ತರದಿಂದ ಮೊಬೈಲಿನಲ್ಲಿ ಚಿತ್ರ ತೆಗೆಯಬೇಕು. ಕಾಗದದ ಸೂಕ್ಷ್ಮದರ್ಶಕವಾದ ಫೋಲ್ಡ್‌ಸ್ಕೋಪ್ ಶಾಲೆಯಲ್ಲಿದ್ದರೆ ಅದನ್ನು ಮೊಬೈಲಿಗೆ ಜೋಡಿಸಬಹುದು. ಬರೆಯಬೇಕಾದ್ದು ಇಷ್ಟು: ದಿನ, ನೀರಿನ ಉಷ್ಣತೆ, ತುಂಡಿನ ಉದ್ದ, ಬಿಳಿ ಭಾಗದ ಅಗಲ, ಕಣ್ಣಿನ ಸಂಖ್ಯೆ, ಮುಟ್ಟಿದರೆ ಚಲಿಸುತ್ತದೆಯೇ. ಇವುಗಳಲ್ಲಿ ಕಣ್ಣು ಮೂಡಿದ ದಿನ ಅತ್ಯಂತ ನಂಬಲರ್ಹ, ಏಕೆಂದರೆ ನೋಡುವವರ ಇಷ್ಟಾನಿಷ್ಟಕ್ಕೆ ಅದು ಬಗ್ಗುವುದಿಲ್ಲ.

ಕೇಳಬಹುದಾದ ಪ್ರಶ್ನೆಗಳು

ತಲೆ ಮರಳಿ ಬಂದದ್ದನ್ನು ನೋಡಿ ಬೆರಗಾಗುವುದು ಮೊದಲ ಹಂತ. ಅಧ್ಯಯನ ಶುರುವಾಗುವುದು ಆಮೇಲೆ. ಎಲ್ಲಿ ಕತ್ತರಿಸಿದರೆ ತಲೆ ಬೇಗ ಬರುತ್ತದೆ? ದೇಹದ ಮುಂದಿನ ಕಾಲುಭಾಗ, ನಡು, ಹಿಂದಿನ ಕಾಲುಭಾಗಗಳಲ್ಲಿ ಕತ್ತರಿಸಿ ಕಣ್ಣು ಮೂಡುವ ದಿನವನ್ನು ಹೋಲಿಸಬಹುದು. ಸಾಮಾನ್ಯವಾಗಿ ಹಿಂದಕ್ಕೆ ಹೋದಷ್ಟೂ ತಲೆ ಬರುವುದು ನಿಧಾನ. ಯಾವ ಭಾಗ ಬೆಳೆಯುವುದೇ ಇಲ್ಲ? ಕಣ್ಣುಗಳಿಗಿಂತ ಮುಂದಿನ ಮೂತಿಯ ತುದಿಯನ್ನಷ್ಟೇ ಕತ್ತರಿಸಿ ಇಟ್ಟರೆ ಅದು ಹುಳುವಾಗದು. ಹೊರತೆಗೆದ ಗಂಟಲಿನ ಕೊಳವೆಯೂ ಆಗದು. ಆ ಎರಡು ಕಡೆ ನಿಯೋಬ್ಲಾಸ್ಟ್‌ಗಳಿಲ್ಲ. ಆಕರಕೋಶಗಳ ಪಾಠವನ್ನು ಇದಕ್ಕಿಂತ ಸರಳವಾಗಿ ತೋರಿಸುವ ಪ್ರಯೋಗ ನನಗೆ ಗೊತ್ತಿಲ್ಲ.

ಎರಡು ತಲೆಯ ಹುಳು ಬೇಕೆಂದು ಮಕ್ಕಳು ಹಟ ಹಿಡಿಯುತ್ತಾರೆ. ತಲೆಯ ನಡುವೆ ಉದ್ದಕ್ಕೆ, ಮೈಯ ಮೂರನೇ ಒಂದು ಭಾಗದವರೆಗೆ ಸೀಳಿದರೆ ಅದು ಸಾಧ್ಯ. ಆದರೆ ಸೀಳು ಕೆಲವೇ ಗಂಟೆಗಳಲ್ಲಿ ಕೂಡಿಕೊಳ್ಳುವುದರಿಂದ ಮೊದಲ ಒಂದೆರಡು ದಿನ ಅದನ್ನು ಮತ್ತೆ ಮತ್ತೆ ಬಿಡಿಸಬೇಕಾಗುತ್ತದೆ. ಮುಂದಿನ ಗಾಯದಲ್ಲಿ ತಲೆಯೇ ಏಕೆ, ಹಿಂದಿನ ಗಾಯದಲ್ಲಿ ಬಾಲವೇ ಏಕೆ ಎಂಬ ಪ್ರಶ್ನೆ ಮಾರ್ಗನ್‌ನ ಕಾಲದ್ದು. ಅದಕ್ಕೆ ದೊಡ್ಡ ಉತ್ತರವೊಂದು 2008ರಲ್ಲಿ ಸಿಕ್ಕಿತು: ಬೀಟಾ ಕ್ಯಾಟೆನಿನ್ ಎಂಬ ಸಂಕೇತವಾಹಕ ಪ್ರೋಟೀನಿನ ವಂಶವಾಹಿಯನ್ನು ಅಡಗಿಸಿದರೆ ಬಾಲ ಬರಬೇಕಾದ ಗಾಯದಲ್ಲಿಯೂ ತಲೆಯೇ ಬೆಳೆಯುತ್ತದೆ. ಬಾಲದ ಕಡೆ ಈ ಸಂಕೇತ ಜೋರಾಗಿಯೂ ತಲೆಯ ಕಡೆ ತಗ್ಗಿಯೂ ಇರುವುದೇ ದಿಕ್ಕಿನ ಗುಟ್ಟು.

ಹೈಡ್ರಾದ ಪ್ರಯೋಗ

ಹೈಡ್ರಾಕ್ಕೆ ಒಂದು ದಿನದ ಉಪವಾಸ ಸಾಕು. ಮೊಗ್ಗಿಲ್ಲದವನ್ನು ಆರಿಸಿ, ಪಿಂಗಾಣಿ ತಟ್ಟೆಯ ತೆಳು ನೀರಿನಲ್ಲಿ ಬಿಟ್ಟು, ಮುದುಡಿದ ಮೈ ಮತ್ತೆ ಚಾಚುವವರೆಗೆ ಕಾದು, ನಡುವಿನಲ್ಲಿ ಒಂದೇ ಏಟಿಗೆ ಕತ್ತರಿಸಬೇಕು. ಮೇಲಿನ ಅರ್ಧ ಒಂದೆರಡು ದಿನದಲ್ಲಿ ಬುಡ ಕಟ್ಟಿಕೊಂಡು ತಟ್ಟೆಗೆ ಅಂಟುತ್ತದೆ. ಕೆಳಗಿನ ಅರ್ಧದ ತುದಿ ಮೊದಲು ದುಂಡಗಾಗಿ, ಎರಡು ಮೂರು ದಿನದಲ್ಲಿ ಅದರ ಸುತ್ತ ಗ್ರಹಣಾಂಗಗಳ ಗುಬುಟುಗಳು ಏಳುತ್ತವೆ. ಮೂರನೆಯ ನಾಲ್ಕನೆಯ ದಿನ ಆರ್ಟೀಮಿಯಾ ಮರಿಯೊಂದನ್ನು ಹತ್ತಿರ ಬಿಟ್ಟರೆ, ಹಿಡಿದು ನುಂಗುತ್ತದೆಯೇ ಎಂಬುದರಿಂದ ಹೊಸ ತಲೆ ಕೆಲಸಕ್ಕೆ ಬಂದಿದೆಯೇ ಎಂಬುದು ಖಚಿತವಾಗುತ್ತದೆ. ಕತ್ತರಿಸಿದ ಗ್ರಹಣಾಂಗವನ್ನು ಮಾತ್ರ ಎಷ್ಟು ದಿನ ಇಟ್ಟರೂ ಅದು ಹೈಡ್ರಾ ಆಗುವುದಿಲ್ಲ.

ನಮ್ಮ ಜಿಲ್ಲೆಗೆ ಹೇಳಿಮಾಡಿಸಿದ ಯೋಜನೆಯೊಂದು ಇಲ್ಲಿದೆ. ಒಂದೇ ತಾಯಿಯ ಮೊಗ್ಗುಗಳಿಂದ ಬೆಳೆಸಿದ ಹೈಡ್ರಾಗಳನ್ನು ಕತ್ತರಿಸಿ, ಕೆಳಗಿನ ಅರ್ಧಗಳನ್ನು ಮೂರು ಗುಂಪು ಮಾಡಬೇಕು. ಒಂದಕ್ಕೆ ಪ್ರಯೋಗಾಲಯದ ನೀರು, ಒಂದಕ್ಕೆ ತೋಟದ ಮೇಲಿನ ಒರತೆಯ ನೀರು, ಇನ್ನೊಂದಕ್ಕೆ ಔಷಧಿ ಹೊಡೆದ ಮೇಲೆ ತೋಟದ ಕೆಳಗೆ ಹರಿಯುವ ನೀರು. ಗುಂಪಿಗೆ ಹತ್ತಕ್ಕಿಂತ ಕಡಿಮೆ ಇರಬಾರದು. ಯಾವ ತಟ್ಟೆ ಯಾವ ನೀರಿನದೆಂದು ಎಣಿಸುವವರಿಗೆ ತಿಳಿಯದಂತೆ ಇನ್ನೊಬ್ಬರು ಗುರುತು ಹಾಕಿರಬೇಕು. ಮೂರನೆಯ ದಿನ ಎಷ್ಟು ತುಂಡುಗಳಲ್ಲಿ ಗ್ರಹಣಾಂಗ ಬಂದಿದೆ ಎಂದು ಎಣಿಸಿದರೆ ಉತ್ತರ ಸಿಗುತ್ತದೆ. ವ್ಯತ್ಯಾಸ ಕಂಡರೂ ಅದು ತಾಮ್ರದ್ದೇ ಎಂದು ಕೂಡಲೇ ಬರೆಯಬಾರದು. ಕೆಸರು, ಗೊಬ್ಬರದ ಅಂಶ, ಆಮ್ಲೀಯತೆ ಏನೂ ಆಗಿರಬಹುದು, ಅದಕ್ಕೆ ನೀರಿನ ಪರೀಕ್ಷೆ ಬೇರೆ ಆಗಬೇಕು.

ಕೈಕೊಟ್ಟರೆ

ತುಂಡಿನ ಅಂಚು ಮೋಡ ಕವಿದಂತೆ ಬೆಳ್ಳಗೆ ಬಿರಿಯುತ್ತಿದ್ದರೆ ಅದು ಕರಗುತ್ತಿದೆ ಎಂದರ್ಥ. ಕೂಡಲೇ ತೆಗೆದು, ಆ ಕುಳಿಯನ್ನು ಬಿಸಿನೀರಿನಲ್ಲಿ ತೊಳೆಯಬೇಕು. ಒಂದೆರಡು ತುಂಡು ಹೀಗಾದರೆ ಕತ್ತರಿಸಿದ ರೀತಿ ಅಥವಾ ಉಪವಾಸದ ಕೊರತೆ ಕಾರಣವಿರಬಹುದು. ಇಡೀ ಹುಳುಗಳ ಸಹಿತ ಎಲ್ಲವೂ ಒಟ್ಟಿಗೆ ಹಾಳಾದರೆ ನೀರನ್ನೇ ಅನುಮಾನಿಸಬೇಕು. ಹೈಡ್ರಾಗಳು 25 ಡಿಗ್ರಿಗಿಂತ ಕೆಳಗಿದ್ದೂ ಗ್ರಹಣಾಂಗಗಳನ್ನು ಮೊಟಕು ಮಾಡಿಕೊಂಡು ಗುಂಡಿಯಂತೆ ಕುಗ್ಗಿದರೆ ಲೋಹದ ವಿಷವನ್ನು ಮೊದಲು ಶಂಕಿಸಿ, ಪಾತ್ರೆ ಮತ್ತು ನಲ್ಲಿಯನ್ನು ಪರಿಶೀಲಿಸಬೇಕು.

ಕೆಲಸ ಮುಗಿದ ಮೇಲೆ, ಊರ ಹಳ್ಳದಿಂದ ತಂದು ಯಾವ ರಾಸಾಯನಿಕವನ್ನೂ ಸೋಕಿಸದ ಹುಳುಗಳನ್ನು ತಂದ ಜಾಗಕ್ಕೇ ಬಿಡಬಹುದು. ಮೀನಿನ ಅಂಗಡಿಯ ತೊಟ್ಟಿಯಿಂದ ಅಥವಾ ಬೇರೆ ಊರಿನ ಪ್ರಯೋಗಾಲಯದಿಂದ ಬಂದವನ್ನು ಯಾವ ಕಾರಣಕ್ಕೂ ಹಳ್ಳಕ್ಕೆ ಬಿಡಬಾರದು. ಒಂದು ಚೂರಿನಿಂದ ಸಂಸಾರ ಹೂಡಬಲ್ಲ ಪರಊರಿನ ಹುಳು ಇಲ್ಲಿನದನ್ನು ಓಡಿಸಬಹುದು. ಅವುಗಳ ನೀರನ್ನೂ ಕುದಿಸಿಯೇ ಚೆಲ್ಲಬೇಕು. ಮರಳಿ ಬೆಳೆದ ಹುಳುಗಳನ್ನು ಇಟ್ಟುಕೊಂಡು ಮತ್ತೊಮ್ಮೆ ಬಳಸುವುದಾದರೆ, ಹಳೆಯ ಅಳತೆಗೆ ಬರುವವರೆಗೆ ಆಹಾರ ಕೊಟ್ಟು, ಮತ್ತೆ ಒಂದು ವಾರ ಉಪವಾಸವಿಟ್ಟು, ಹೊಸ ಸಂಖ್ಯೆಯೊಂದಿಗೆ ಹೊಸ ಪುಟದಲ್ಲಿ ದಾಖಲೆ ಆರಂಭಿಸಬೇಕು.